ಮರಿ ಕೇಳಿದರೆ ಬ್ರೀಡರ್‌ಗಳು ಉತ್ತರವನ್ನೇ ಕೊಡುವುದಿಲ್ಲ, ಯಾಕೆ?

ಪ್ರಶ್ನೆ: ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಬಾಡಿಗೆ ಫ್ಲ್ಯಾಟು, ಏಳು ವರ್ಷದ ಮಗ ಇದ್ದಾನೆ. ಲ್ಯಾಬ್ರಡಾರ್ ಮರಿ ಬೇಕೆಂದು ಮೂರ್ನಾಲ್ಕು ಬ್ರೀಡರ್‌ಗಳಿಗೆ ಮೆಸೇಜ್ ಹಾಕಿದೆ. ಕೆಲವರು ನೋಡಿ ಸುಮ್ಮನಾದರು. ಒಬ್ಬರು "ಸದ್ಯಕ್ಕೆ ಮರಿ ಇಲ್ಲ" ಅಂದರು, ಮಾರನೇ ವಾರವೇ ಅವರ ಪೇಜಿನಲ್ಲಿ ಮರಿಗಳ ಫೋಟೋ ಬಂತು! ಕೊನೆಗೆ ದತ್ತು ತೆಗೆದುಕೊಳ್ಳೋಣ ಎಂದು ಒಂದು ರೆಸ್ಕ್ಯೂ ಗುಂಪಿಗೆ ಉದ್ದದ ಫಾರ್ಮ್ ತುಂಬಿ ಕೊಟ್ಟೆವು. "ಈ ನಾಯಿ ನಿಮ್ಮ ಮನೆಗೆ ಹೊಂದುವುದಿಲ್ಲ" ಎಂದುಬಿಟ್ಟರು. ದುಡ್ಡು ಕೊಡುತ್ತೇವೆ, ಪ್ರೀತಿಯಿಂದ ಸಾಕುತ್ತೇವೆ, ಇನ್ನೇನು ಬೇಕು ಇವರಿಗೆ? ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ ಅನ್ನುವುದನ್ನು ಮುಚ್ಚಿಟ್ಟರೆ ಒಳ್ಳೆಯದಾ?

ಉತ್ತರ: ಮುಚ್ಚಿಡಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಮುಂದೆ ಬರುತ್ತದೆ.

ನಾನು ಅರ್ಜಿ ಓದುವ ಕಡೆ ಕೂತವಳು. ಬೀದಿಯಿಂದ ಬಂದ, ಸಾಕಿದವರು ಬೇಡವೆಂದು ಬಿಟ್ಟುಹೋದ ನಾಯಿಗಳನ್ನು ಮನೆಯಲ್ಲಿಟ್ಟುಕೊಂಡು, ಚೇತರಿಸಿಕೊಂಡ ಮೇಲೆ ಬೇರೆ ಮನೆ ಹುಡುಕಿ ಕೊಡುವ ಕೆಲಸ ನನ್ನದು. ಸರಿಯಾದ ರೀತಿಯಲ್ಲಿ ಬ್ರೀಡಿಂಗ್ ಮಾಡುವ ಕೆಲವರ ಒಡನಾಟವೂ ಇದೆ. ರೆಸ್ಕ್ಯೂನವರಿಗೂ ಬ್ರೀಡರ್‌ಗಳಿಗೂ ಎಣ್ಣೆ ಸೀಗೆಕಾಯಿ ಅಂತಾರೆ, ಅದು ಬಹುಮಟ್ಟಿಗೆ ನಿಜವೇ, ಆದರೆ "ಈ ಮನೆಗೆ ಕೊಡಬಹುದಾ" ಎಂದು ಯೋಚಿಸುವಾಗ ಇಬ್ಬರ ತಲೆಯೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಓಡುತ್ತದೆ.

ಅವರು ನಿಮ್ಮ ಪ್ರೀತಿಯನ್ನು ಅಳೆಯುತ್ತಿಲ್ಲ. ಬರುವ ಅರ್ಜಿಗಳಲ್ಲೆಲ್ಲ ಪ್ರೀತಿ ಇದ್ದೇ ಇರುತ್ತದೆ, ನಾಯಿಯನ್ನು ಆರೇ ತಿಂಗಳಿಗೆ ವಾಪಸ್ ತಂದವರ ಅರ್ಜಿಯಲ್ಲೂ ಇತ್ತು. ಅವರಿಗೆ ಗೊತ್ತಾಗಬೇಕಿರುವುದು ಬೇರೆ: ನಿಮ್ಮ ಮನೆಯಲ್ಲಿ ಏನಾದರೂ ಏರುಪೇರಾದ ದಿನ ಈ ಪ್ರಾಣಿ ಎಲ್ಲಿರುತ್ತದೆ? ವರ್ಗಾವಣೆ ಆಗಬಹುದು, ಇನ್ನೊಂದು ಮಗು ಆಗಬಹುದು, ಕೆಲಸ ಹೋಗಬಹುದು, ಓನರ್ ಮನೆ ಖಾಲಿ ಮಾಡಿ ಅನ್ನಬಹುದು. ಲ್ಯಾಬ್ರಡಾರ್ ಸಾಮಾನ್ಯವಾಗಿ 10-12 ವರ್ಷ ಬದುಕುತ್ತದೆ. ಮನೆಯೊಳಗೇ ಇರುವ ಬೆಕ್ಕು 15 ದಾಟುವುದು ಅಪರೂಪವೇನಲ್ಲ. ಬೂದು ಗಿಳಿ 40 ವರ್ಷವೂ ಇರಬಲ್ಲದು. ಅಷ್ಟು ವರ್ಷ ಏನೂ ಆಗದೆ ಸಾಗುವ ಸಂಸಾರ ಎಲ್ಲಿದೆ ಹೇಳಿ? ಹಾಗಾಗಿ "ನಮಗೆ ಅಂಥ ತೊಂದರೆ ಬರುವುದೇ ಇಲ್ಲ" ಅನ್ನುವವರಿಗಿಂತ "ಹಾಗೇನಾದರೂ ಆದರೆ ನನ್ನ ತಂಗಿ ನೋಡಿಕೊಳ್ಳುತ್ತಾಳೆ, ಅವಳ ಹತ್ತಿರ ಮಾತಾಡಿದ್ದೇನೆ" ಅನ್ನುವವರ ಮೇಲೆ ನಮಗೆ ನಂಬಿಕೆ ಜಾಸ್ತಿ. ಫ್ಲ್ಯಾಟು, ಬಾಡಿಗೆ, ಕೆಲಸ, ಮಗು, ಇದ್ಯಾವುದೂ ತಾನಾಗಿಯೇ ನಿಮ್ಮನ್ನು ಹೊರಗಿಡುವುದಿಲ್ಲ. ಅದರ ಬಗ್ಗೆ ಯೋಚಿಸಿಯೇ ಇಲ್ಲ ಅನ್ನುವುದು ಗೊತ್ತಾದರೆ ಮಾತ್ರ ಕಷ್ಟ.

ನೀವು ಕಳಿಸಿದ ಮೆಸೇಜು ಹೇಗಿತ್ತು ಎಂದು ನೀವು ಬರೆದಿಲ್ಲ. ಊಹಿಸುತ್ತೇನೆ, ತಪ್ಪು ತಿಳಿಯಬೇಡಿ. "ಹಾಯ್, ಲ್ಯಾಬ್ ಮರಿ ಇದೆಯಾ? ಗಂಡು. ರೇಟ್ ಎಷ್ಟು?" ಬರುವುದರಲ್ಲಿ ಬಹುಪಾಲು ಹೀಗೇ ಇರುತ್ತವೆ. ಬೆಲೆ ಕೇಳುವುದು ತಪ್ಪಲ್ಲ, ಕೇಳಲೇಬೇಕು. ತೊಂದರೆ ಏನೆಂದರೆ ಈ ಸಾಲಿನಲ್ಲಿ ನೀವು ಯಾರು ಅನ್ನುವುದೇ ಇಲ್ಲ. ಉತ್ತರ ಕೊಡಲು ಅವರಿಗೆ ಹಿಡಿತವೇ ಸಿಗುವುದಿಲ್ಲ. ಇದೇ ಸಾಲನ್ನು ಮರಿ ಕೊಂಡು ಇನ್ನೊಬ್ಬರಿಗೆ ಮಾರುವ ದಲ್ಲಾಳಿಯೂ ಕಳಿಸುತ್ತಾನೆ, ಮೂರು ತಿಂಗಳಿಗೆ ಬೇಸರ ಬಂದು ಸಾಗಹಾಕುವವನೂ ಕಳಿಸುತ್ತಾನೆ, ನಿಮ್ಮಂಥ ಒಳ್ಳೆಯವರೂ ಕಳಿಸುತ್ತಾರೆ. ಮೂವರನ್ನೂ ವಿಚಾರಿಸಿ ಬೇರೆ ಮಾಡಲು ಅವರಿಗೆ ಪುರಸೊತ್ತು ಎಲ್ಲಿ? ಅದರಲ್ಲೂ ತಾಯಿ ಮರಿ ಹಾಕಿದ ಮೊದಲ ಎರಡು ವಾರ ಬ್ರೀಡರ್‌ಗೆ ನಿದ್ದೆಯೇ ಇರುವುದಿಲ್ಲ. ಮರಿಗಳಿಗೆ ಕಣ್ಣು ಬಿಟ್ಟಿರುವುದಿಲ್ಲ, ಮೈ ಬಿಸಿ ತಾವೇ ಕಾಯ್ದುಕೊಳ್ಳಲಾರವು, ತಾಯಿ ಯಾವುದಾದರೂ ಒಂದರ ಮೇಲೆ ಮಲಗಿಬಿಟ್ಟರೆ ಕಥೆ ಮುಗಿಯಿತು. ದಿನಕ್ಕೊಮ್ಮೆಯಾದರೂ ಒಂದೊಂದನ್ನೂ ತೂಕಕ್ಕಿಟ್ಟು ಬರೆದುಕೊಳ್ಳುತ್ತಾರೆ. ಅದರ ಮಧ್ಯೆ ಫೋನ್ ನೋಡಿದಾಗ ಕಾಣುವುದು "ರೇಟ್?" ಎಂಬ ಒಂದೇ ಪದ.

ಇನ್ನು ಆ ಫೋಟೋ ವಿಷಯ. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಹೆಸರಿರುವ ಬ್ರೀಡರ್‌ಗಳ ಹತ್ತಿರ ಮರಿ ಹುಟ್ಟುವ ಮೊದಲೇ, ಎಷ್ಟೋ ಸಲ ಕ್ರಾಸಿಂಗ್‌ಗೂ ಮೊದಲೇ, ಬೇಕು ಎಂದವರ ಪಟ್ಟಿ ಸಿದ್ಧವಾಗಿರುತ್ತದೆ. ನಾಯಿ ಗಬ್ಬ ಧರಿಸಿ ಮರಿ ಹಾಕಲು ಸುಮಾರು 63 ದಿನ, ಆಮೇಲೆ ಮರಿ ತಾಯಿಯ ಜೊತೆ ಕನಿಷ್ಠ 8 ವಾರ. ಅಂದರೆ ನೀವು ಫೋಟೋದಲ್ಲಿ ನೋಡಿದ ಮರಿಗಳಿಗಾಗಿ ಯಾರೋ ಎಷ್ಟೋ ತಿಂಗಳಿಂದ ಕಾಯುತ್ತಿದ್ದಾರೆ. "ಮರಿ ಇಲ್ಲ" ಎಂದರೆ "ನಿಮಗೆ ಕೊಡಲು ಉಳಿದ ಮರಿ ಇಲ್ಲ" ಎಂದು ಅರ್ಥ. ಅದನ್ನು ಬಿಡಿಸಿ ಹೇಳಬಹುದಿತ್ತು, ನಿಜ. ಹೇಳುವುದಿಲ್ಲ, ಅದು ಅವರ ದೋಷ.

ಹಾಗಾದರೆ ಹೇಗೆ ಬರೆಯಬೇಕು? ನಿಮ್ಮ ಮನೆಯನ್ನೇ ಇಟ್ಟುಕೊಂಡು ಒಂದು ಮಾದರಿ ಬರೆಯುತ್ತೇನೆ.

"ನಮಸ್ತೆ. ನಾವು ಮೂವರು, ನಾನು, ನನ್ನ ಗಂಡ, ಏಳು ವರ್ಷದ ಮಗ. ಇರುವುದು ಬಾಡಿಗೆ ಫ್ಲ್ಯಾಟಿನಲ್ಲಿ, ನಾಯಿ ಸಾಕಬಹುದು ಎಂದು ಓನರ್ ಬರೆದುಕೊಟ್ಟಿದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಆದರೆ ನಾನು ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುತ್ತೇನೆ, ಉಳಿದ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಎರಡಕ್ಕೆ ಬಂದು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿದ್ದೇವೆ. ಮರಿ ಬಂದ ಮೊದಲ ಮೂರು ವಾರ ನಾವಿಬ್ಬರೂ ಸರದಿಯಲ್ಲಿ ರಜೆ ಹಾಕುತ್ತೇವೆ. ನನ್ನ ಗಂಡ ಚಿಕ್ಕಂದಿನಲ್ಲಿ ನಾಯಿ ಸಾಕಿದ್ದಾರೆ, ನನಗೆ ಇದೇ ಮೊದಲು. ನಿಮ್ಮಲ್ಲಿ ಮುಂದೆ ಯಾವಾಗ ಮರಿಗಳಾಗಬಹುದು? ತಂದೆ ತಾಯಿಯ ಸೊಂಟ, ಮೊಣಕೈ ಎಕ್ಸ್‌ರೇ ಆಗಿದೆಯಾ? ಬೆಲೆ ಸುಮಾರು ಎಷ್ಟಾಗುತ್ತದೆ? ಕಾಯುವುದಕ್ಕೆ ನಮಗೆ ಬೇಸರವಿಲ್ಲ. ನಿಮಗೆ ಅನುಕೂಲವಾದಾಗ ಒಂದು ಸಲ ಮಾತಾಡಬಹುದಾ?"

ಇದನ್ನೇ ನಕಲು ಮಾಡಿ ಕಳಿಸಬೇಡಿ, ನಿಮ್ಮ ಮನೆಯಲ್ಲಿ ಹೇಗಿದೆಯೋ ಹಾಗೆ ಬರೆಯಿರಿ. ಹನ್ನೊಂದು ಗಂಟೆ, ಎರಡು ಗಂಟೆ ಎಂದು ಬರೆದಿದ್ದೇನಲ್ಲ, ಓದುವವರ ಕಣ್ಣು ನಿಲ್ಲುವುದು ಅಲ್ಲಿಯೇ. "ನೋಡಿಕೊಳ್ಳಲು ವ್ಯವಸ್ಥೆ ಮಾಡುತ್ತೇವೆ" ಎಂದು ಯಾರು ಬೇಕಾದರೂ ಬರೆಯಬಹುದು. ಗಂಟೆ ಬರೆಯಬೇಕಾದರೆ ಗಂಡ ಹೆಂಡತಿ ಕೂತು ಮಾತಾಡಿರಲೇಬೇಕು, ಅಲ್ವಾ?

ಕೆಲಸಕ್ಕೆ ಹೋಗುವವರ ವಿಷಯದಲ್ಲಿ ನಾವು ಹಾಕುವ ಲೆಕ್ಕ ಸರಳ. ಎರಡು ತಿಂಗಳ ಮರಿ ಹಗಲಲ್ಲಿ ಎರಡು, ಹೆಚ್ಚೆಂದರೆ ಮೂರು ಗಂಟೆ ಮೂತ್ರ ತಡೆದೀತು. ತಿಂಗಳಿಗೆ ಒಂದು ಗಂಟೆಯಂತೆ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತದೆ. ಒಂಬತ್ತು ಗಂಟೆ ಒಂಟಿಯಾಗಿ ಕೂಡಿಹಾಕಿದರೆ ಮನೆ ಗಲೀಜಾಗುವುದು ಚಿಕ್ಕ ವಿಷಯ. ಮರಿ ಒಂಟಿತನಕ್ಕೆ ಹೆದರಿ ಊಳಿಡುವುದನ್ನು ಕಲಿಯುತ್ತದೆ, ಅಕ್ಕಪಕ್ಕದವರು ದೂರು ಕೊಡುತ್ತಾರೆ, ಓನರ್ ಫೋನ್ ಮಾಡುತ್ತಾರೆ, ನಾಯಿ ವಾಪಸ್ ಬರುತ್ತದೆ. ಈ ಸರಪಳಿ ನಮಗೆ ಬಾಯಿಪಾಠ. ಹಾಗಾಗಿ ನಿಮ್ಮ ಅರ್ಜಿ ಓದುವಾಗ ಇವರು ಕೆಲಸಕ್ಕೆ ಹೋಗುತ್ತಾರಾ ಅನ್ನುವುದಕ್ಕಿಂತ ಮಧ್ಯಾಹ್ನ ಬಾಗಿಲು ತೆಗೆಯುವವರು ಯಾರು ಅನ್ನುವುದನ್ನು ಹುಡುಕುತ್ತೇವೆ.

ಈಗ ಫಾರ್ಮಿನಲ್ಲಿ ನಾನು ಎಲ್ಲಕ್ಕಿಂತ ಮೊದಲು ತೆರೆದು ನೋಡುವ ಪ್ರಶ್ನೆಗೆ ಬರುತ್ತೇನೆ: "ಹಿಂದೆ ಸಾಕಿದ ಪ್ರಾಣಿ ಏನಾಯಿತು?" ಉಳಿದ ಪ್ರಶ್ನೆಗಳಿಗೆಲ್ಲ ಮುಂದೆ ಏನು ಮಾಡುತ್ತೇವೆ ಎಂದು ಬರೆಯಬಹುದು. ಇದಕ್ಕೆ ಮಾತ್ರ ಏನು ಮಾಡಿದ್ದೇವೆ ಎಂದೇ ಬರೆಯಬೇಕು. "ಯಾರಿಗೋ ಕೊಟ್ಟೆವು" ಎಂದಿದ್ದರೆ ಯಾರಿಗೆ, ಯಾಕೆ, ಈಗ ಹೇಗಿದೆ ಎಂದು ಕೇಳುತ್ತೇನೆ. ಸರಿಯಾದ ಕಾರಣವಿದ್ದು, ಆ ಹೊಸ ಮನೆಯ ಸುದ್ದಿ ಇಟ್ಟುಕೊಂಡಿದ್ದರೆ ಅದು ನನಗೆ ಕಳಂಕವಾಗಿ ಕಾಣುವುದಿಲ್ಲ. "ಓಡಿಹೋಯಿತು" ಎಂದಿದ್ದರೆ ಗೇಟು ಹೇಗಿತ್ತು, ಆಮೇಲೆ ಎಷ್ಟು ದಿನ ಹುಡುಕಿದಿರಿ ಎಂದು ಕೇಳುತ್ತೇನೆ. ಒಬ್ಬರು ಬರೆದಿದ್ದರು: "ಹದಿಮೂರು ವರ್ಷ ಇತ್ತು. ಕಿಡ್ನಿ ಹೋಯಿತು. ಕೊನೆಯ ತಿಂಗಳು ದಿನ ಬಿಟ್ಟು ದಿನ ಚರ್ಮದಡಿ ಡ್ರಿಪ್ ಹಾಕುವುದನ್ನು ನಾನೇ ಕಲಿತೆ, ಮೊದಲ ಸಲ ಕೈ ನಡುಗಿ ಸೂಜಿ ನನಗೇ ಚುಚ್ಚಿಕೊಂಡಿತು." ಅವರದು ಒಂದೇ ರೂಮಿನ ಮನೆ. ನಾಯಿ ಕೊಟ್ಟೆವು.

ಇದೇ ಪ್ರಶ್ನೆಯ ಹಿಂದೆ ಇನ್ನೊಂದು ಕಾರಣವೂ ಇದೆ, ಇದನ್ನು ಬ್ರೀಡರ್‌ಗಳು ಜಾಸ್ತಿ ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಮರಿಯೊಂದು ವಾಂತಿ, ರಕ್ತ ಭೇದಿಯಾಗಿ ಸತ್ತಿದ್ದರೆ ಅದು ಪಾರ್ವೊ ಆಗಿರಬಹುದು. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ ಉಳಿಯುತ್ತದೆ, ಸಾಮಾನ್ಯ ಫಿನಾಯಿಲಿಗೆ ಸಾಯುವುದಿಲ್ಲ. ಮರಿಗಳ ವ್ಯಾಕ್ಸಿನ್ ಸರಣಿ ಮುಗಿಯಲು 16 ವಾರವಾದರೂ ಆಗಬೇಕು. ಅಂಥ ಮನೆಗೆ ಎಂಟು ವಾರದ ಮರಿ ಕಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ, ವ್ಯಾಕ್ಸಿನ್ ಆದ ದೊಡ್ಡ ನಾಯಿಯಾದರೆ ಆದೀತು. ಇದೇ ಭಯದಿಂದ "ಬೆಳಿಗ್ಗೆ ಬೇರೆ ಕಡೆ ಮರಿ ನೋಡಿದೆವು, ಹಾಗೇ ನಿಮ್ಮಲ್ಲಿಗೂ ಬರುತ್ತೇವೆ" ಎಂದವರನ್ನು ಅವತ್ತು ಒಳಗೆ ಬಿಡುವುದಿಲ್ಲ. ಚಪ್ಪಲಿಯಲ್ಲೇ ರೋಗ ಬರುತ್ತದೆ. ಜನ ಇದನ್ನು ಜಂಬ ಅಂದುಕೊಳ್ಳುತ್ತಾರೆ.

ಕೆಲವು ಮಾತು ಕೇಳಿದ ತಕ್ಷಣ ಕಿವಿ ನಿಮಿರುತ್ತದೆ. ಸಂತಾನಹರಣ ಆಪರೇಷನ್ ಆಗದ ಹೆಣ್ಣೇ ಬೇಕು ಅನ್ನುವುದು ಅದರಲ್ಲಿ ಮೊದಲನೆಯದು, ಮುಂದಿನ ಯೋಜನೆ ಏನೆಂದು ಬಿಡಿಸಿ ಹೇಳಬೇಕಿಲ್ಲ. "ಅಂಗೈಯಲ್ಲಿ ಹಿಡಿಸುವಂಥ ಟೀಕಪ್ ಮರಿ" ಕೇಳುವುದು ಇನ್ನೊಂದು. ಅಷ್ಟು ಚಿಕ್ಕದಾಗಿ ಹುಟ್ಟಿಸಿದ ಮರಿಗಳಿಗೆ ಒಂದೆರಡು ಹೊತ್ತು ಊಟ ತಪ್ಪಿದರೆ ಸಕ್ಕರೆ ಅಂಶ ಕುಸಿದು ಫಿಟ್ಸ್ ಬರಬಹುದು. ನೆತ್ತಿ ಕೂಡದೆ ಉಳಿದಿರಬಹುದು. ಬಣ್ಣ ಒಂದನ್ನೇ ಕೇಳುವವರೂ ಹೀಗೇ: ಮಚ್ಚೆ ಮಚ್ಚೆಯ ಮೆರ್ಲ್ ಬಣ್ಣಕ್ಕೆ ಆಸೆಪಟ್ಟು ಎರಡು ಮೆರ್ಲ್ ನಾಯಿಗಳನ್ನು ಕೂಡಿಸಿದರೆ ಮರಿಗಳಲ್ಲಿ ಕೆಲವು ಕಿವುಡಾಗಿ, ಕುರುಡಾಗಿ ಹುಟ್ಟುತ್ತವೆ. ಬಣ್ಣ ಇಷ್ಟ ಎಂದು ಹೇಳಿ, ಪರವಾಗಿಲ್ಲ. ಬಣ್ಣ ಬಿಟ್ಟು ಬೇರೇನೂ ಕೇಳದಿದ್ದರೆ ಅನುಮಾನ.

"ಮಗನಿಗೋಸ್ಕರ, ಅವನೇ ನೋಡಿಕೊಳ್ಳುತ್ತಾನೆ, ಜವಾಬ್ದಾರಿ ಬರಲಿ ಅಂತ." ನೀವು ಹೀಗೆ ಬರೆದಿದ್ದೀರಾ? ಬರೆದಿದ್ದರೆ ತೆಗೆದುಬಿಡಿ. ಏಳು ವರ್ಷದ ಹುಡುಗ ಬಟ್ಟಲಿಗೆ ನೀರು ಹಾಕುತ್ತಾನೆ, ಬೆನ್ನು ಬಾಚುತ್ತಾನೆ, ಅಷ್ಟೇ. ಒಂದು ವರ್ಷದ ಲ್ಯಾಬ್ರಡಾರ್ 30 ಕಿಲೋ ತೂಗುತ್ತದೆ, ಬೆಕ್ಕು ಕಂಡು ಎಳೆದರೆ ಅವನು ಬಿದ್ದು ಮಂಡಿ ತರಚಿಕೊಳ್ಳುತ್ತಾನೆ. ನಾಯಿ ದೊಡ್ಡವರದು ಎಂದು ನೀವೇ ಹೇಳಿದರೆ ನಮಗೆ ಅರ್ಧ ಸಮಾಧಾನ. ನಾಯಿ ತಿನ್ನುವಾಗ, ಮಲಗಿದ್ದಾಗ ಮಗು ಹತ್ತಿರ ಹೋಗಬಾರದು ಅನ್ನುವುದನ್ನು ಮನೆಯಲ್ಲಿ ಹೇಳಿಕೊಟ್ಟಿದ್ದೀರಿ ಎಂದು ಗೊತ್ತಾದರೆ ಪೂರ್ತಿ ಸಮಾಧಾನ.

ಬ್ರೀಡರ್‌ಗೂ ರೆಸ್ಕ್ಯೂಗೂ ಇರುವ ದೊಡ್ಡ ವ್ಯತ್ಯಾಸ ಕೈಲಿರುವ ಮಾಹಿತಿಯದು. ಬ್ರೀಡರ್‌ಗೆ ಅಜ್ಜ ಅಜ್ಜಿಯವರೆಗೂ ಗೊತ್ತು, ಹಾಗಾಗಿ ಯಾವ ಮರಿ ಯಾವ ಮನೆಗೆ ಎಂದು ಅವರೇ ಆರಿಸಿ ಕೊಡಲು ಬಯಸುತ್ತಾರೆ. 49ನೇ ದಿನದ ಸುಮಾರಿಗೆ ಮರಿಗಳ ಸ್ವಭಾವ ಪರೀಕ್ಷೆ ಮಾಡುವವರೂ ಇದ್ದಾರೆ. ಒಂದು ದಿನದ ಆ ಪರೀಕ್ಷೆಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ಏಳು ವಾರ ಹಗಲು ರಾತ್ರಿ ನೋಡಿದವರ ಕಣ್ಣಿನ ಮೇಲೆ ಇದೆ. ನೀವು ಅವರನ್ನು ಕೇಳುವ ಪ್ರಶ್ನೆಯೂ ನಿಮ್ಮ ಅಂಕಕ್ಕೆ ಸೇರುತ್ತದೆ. ಮರಿಗಳಿಗೂ ಬರಬಹುದಾದ ಕೀಲಿನ ದೋಷ ಇದೆಯಾ ಎಂದು ನೋಡುವ ಸೊಂಟದ ಎಕ್ಸ್‌ರೇ ಬಗ್ಗೆ ಕೇಳಿದರೆ ಒಳ್ಳೆಯ ಬ್ರೀಡರ್ ಮುಖ ಅರಳುತ್ತದೆ, ಕಡತ ತೆಗೆದು ತೋರಿಸುತ್ತಾರೆ. ಆ ಎಕ್ಸ್‌ರೇ ನೋಡಿ ಕೀಲಿಗೆ ಕೊಡುವ ಅಧಿಕೃತ ಅಂಕ ಸಿಗಬೇಕಾದರೆ ನಾಯಿಗೆ ಕನಿಷ್ಠ ಒಂದು ವರ್ಷ, ಕೆಲವು ಪದ್ಧತಿಗಳಲ್ಲಿ ಎರಡು ವರ್ಷ ಆಗಿರಬೇಕು, ಆದ್ದರಿಂದ ಹತ್ತು ತಿಂಗಳ ತಾಯಿಯ ಮರಿ ಮಾರುವವರು "ಎಲ್ಲ ಟೆಸ್ಟ್ ಆಗಿದೆ" ಎಂದರೆ ನಂಬಬೇಡಿ.

ರೆಸ್ಕ್ಯೂನವರಿಗೆ ಹಿಂದಿನದು ಏನೂ ಗೊತ್ತಿರುವುದಿಲ್ಲ. ಫಾಸ್ಟರ್ ಮನೆಯಲ್ಲಿ, ಅಂದರೆ ಕಾಯಂ ಮನೆ ಸಿಗುವವರೆಗೆ ನಾಯಿಯನ್ನು ಇಟ್ಟುಕೊಂಡವರ ಮನೆಯಲ್ಲಿ, ಕಂಡಷ್ಟೇ. ಪೊರಕೆ ಎತ್ತಿದರೆ ಮಂಚದ ಕೆಳಗೆ ಓಡುತ್ತದೆ, ಗಂಡಸರ ದಪ್ಪ ದನಿಗೆ ಮೂತ್ರ ಮಾಡಿಕೊಳ್ಳುತ್ತದೆ, ಮಕ್ಕಳು ಕಿರುಚಿದರೆ ಹಲ್ಲು ತೋರಿಸುತ್ತದೆ. ಅಂಥ ನಾಯಿಗೆ ನೀವು ಅರ್ಜಿ ಹಾಕಿದ್ದರೆ ಯಾವ ದೋಷವೂ ಇಲ್ಲದ ನಿಮ್ಮ ಮನೆ ಅದಕ್ಕೆ ಹೊಂದುವುದಿಲ್ಲ. ಅವರು ಬರೆದ ಸಾಲನ್ನು ಇನ್ನೊಮ್ಮೆ ಓದಿ: "ಈ ನಾಯಿ" ಎಂದಿದ್ದಾರೆ. ನಿಮ್ಮನ್ನು ಬೇಡ ಎಂದಿಲ್ಲ.

ಈಗ ಸುಳ್ಳಿನ ವಿಷಯ. ಸಿಕ್ಕಿಬೀಳುತ್ತೀರಿ ಅನ್ನುವುದು ಒಂದು, ಯಾಕೆಂದರೆ ಮನೆ ನೋಡಲು ಬರುತ್ತಾರೆ ಇಲ್ಲವೇ ವಿಡಿಯೊ ಕಾಲ್ ಮಾಡುತ್ತಾರೆ, ಓನರ್‌ಗೆ ಫೋನ್ ಮಾಡುತ್ತಾರೆ, ನಿಮ್ಮ ಪಶುವೈದ್ಯರನ್ನೂ ಕೇಳುತ್ತಾರೆ. ಒಂದು ಊರಿನ ರೆಸ್ಕ್ಯೂನವರು ಒಬ್ಬರಿಗೊಬ್ಬರು ಗೊತ್ತು, ಒಂದು ಕಡೆ ಹೇಳಿದ್ದು ಇನ್ನೊಂದು ಕಡೆ ತಲುಪುತ್ತದೆ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸುಳ್ಳು ಹೇಳಿ ಗೆದ್ದರೆ ಸಿಗುವುದು ಆ ಸುಳ್ಳಿನ ಮನೆಗೆ ಹೊಂದುವ ನಾಯಿ. ದಿನವಿಡೀ ಜನ ಇರುವ ಮನೆ ಎಂದು ನಂಬಿ, ಒಂದು ನಿಮಿಷವೂ ಒಂಟಿಯಾಗಿ ಇರಲಾರದ ಮರಿಯನ್ನು ಕೊಡುತ್ತಾರೆ. ಆಮೇಲೆ ಅನುಭವಿಸುವವರು ನೀವು, ಅದು, ನಿಮ್ಮ ಪಕ್ಕದ ಮನೆಯವರು.

ಹಾಗಂತ ಅರ್ಜಿ ನೋಡುವವರೆಲ್ಲ ಸಾಚಾ ಅಲ್ಲ. ನಮ್ಮವರಲ್ಲಿ ಅತಿ ಮಾಡುವವರಿದ್ದಾರೆ. ಕಾಂಪೌಂಡ್ ಇಲ್ಲದಿದ್ದರೆ ಇಲ್ಲ, ಇಬ್ಬರೂ ಕೆಲಸಕ್ಕೆ ಹೋದರೆ ಇಲ್ಲ, ಹತ್ತು ವರ್ಷದೊಳಗಿನ ಮಗು ಇದ್ದರೆ ಇಲ್ಲ, ಹೀಗೆ ಪಟ್ಟಿ ಹಿಡಿದು ಕೂರುತ್ತಾರೆ. ಮನುಷ್ಯರು ಹಾಳು, ಪ್ರಾಣಿಗಳೇ ಒಳ್ಳೆಯವು ಅನ್ನುವ ಕಹಿ ತಲೆಗೇರಿರುತ್ತದೆ. ಕೆಟ್ಟದ್ದನ್ನೇ ನೋಡಿ ನೋಡಿ ಹಾಗಾಗಿರುತ್ತಾರೆ, ಆದರೂ ಅದು ಸರಿಯಲ್ಲ. ಹೀಗೆ ತಿರಸ್ಕರಿಸಿಕೊಂಡವರು ನಾಯಿ ಸಾಕುವುದನ್ನು ಬಿಡುವುದಿಲ್ಲ, ಏನೂ ಕೇಳದೆ ಮಾರುವವನ ಹತ್ತಿರ ಹೋಗುತ್ತಾರೆ. ನಾವು ಗಟ್ಟಿಯಾಗಿ ನಂಬಿದ ನಿಯಮಗಳೂ ಕೆಲವೊಮ್ಮೆ ಪೊಳ್ಳು. ಉಡುಗೊರೆಯಾಗಿ ಬಂದ ಪ್ರಾಣಿಯನ್ನು ಜನ ಬೇಗ ಕೈಬಿಡುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದೆವು. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಹಾಗೇನೂ ಕಾಣಲಿಲ್ಲ. ಫಾರ್ಮಿನ ಬದಲು ಕೂತು ಮಾತಾಡಿ ನಿರ್ಧರಿಸುವ ಕಡೆಗೆ ಎಷ್ಟೋ ಶೆಲ್ಟರ್‌ಗಳು ತಿರುಗಿವೆ, ನನಗೂ ಅದೇ ಸರಿ ಅನ್ನಿಸುತ್ತದೆ. ಫಾರ್ಮಿನಲ್ಲಿ ಜಾಣರು ಗೆಲ್ಲುತ್ತಾರೆ, ಮಾತಿನಲ್ಲಿ ನಿಜ ಹೊರಬರುತ್ತದೆ.

ಬೇಸರದಲ್ಲಿ ನೀವೂ ಆ ಏನೂ ಕೇಳದವನ ಹತ್ತಿರ ಹೋಗಬೇಡಿ. ಅಡ್ವಾನ್ಸ್ ಹಾಕಿ, ಮರಿ ಮನೆ ಬಾಗಿಲಿಗೇ ಬರುತ್ತದೆ ಅನ್ನುತ್ತಾನೆ. ತಾಯಿಯನ್ನು ತೋರಿಸಿ ಎಂದರೆ ತೋಟದಲ್ಲಿದೆ, ಊರಲ್ಲಿದೆ ಅನ್ನುತ್ತಾನೆ. ಐದು ವಾರಕ್ಕೇ ಮರಿ ಕೊಡಲು ತಯಾರು. 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿ ಲೋಕವನ್ನು ಕಲಿಯುವ ಕಾಲ, ಅದರ ಮೊದಲ ಅರ್ಧ ತಾಯಿ, ಒಡಹುಟ್ಟಿದವುಗಳ ಜೊತೆ ಕಳೆಯಬೇಕು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಅದು ಕಲಿಯುವುದು ಅಲ್ಲೇ. ಐದು ವಾರಕ್ಕೆ ಬಿಡಿಸಿ ತಂದ ಮರಿ ನಿಮ್ಮ ಮಗನ ಕೈ ಮೇಲೆ ಅದನ್ನು ಕಲಿಯುತ್ತದೆ.

ಇನ್ನು ನೀವು ಏನು ಮಾಡಬಹುದು? ಓನರ್ ಹತ್ತಿರ ಮೊದಲು ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಬಾಯಿಮಾತು ಸಾಲದು. ಆಮೇಲೆ ಅದೇ ರೆಸ್ಕ್ಯೂ ಗುಂಪಿಗೆ ಬರೆಯಿರಿ. ಜಗಳ ಬೇಡ, "ಆ ನಾಯಿ ಯಾಕೆ ಹೊಂದಲ್ಲ ಅನ್ನಿಸಿತು, ನಮ್ಮಂಥ ಮನೆಗೆ ಯಾವ ತರಹದ್ದು ಹೊಂದಬಹುದು" ಎಂದು ಕೇಳಿ. ತಿರಸ್ಕಾರವಾದ ಮೇಲೆ ಹೀಗೆ ವಾಪಸ್ ಬಂದು ಕೇಳುವವರು ತೀರಾ ಕಡಿಮೆ, ಅವರ ಹೆಸರು ನಮಗೆ ನೆನಪಿರುತ್ತದೆ. ಮರಿಯೇ ಬೇಕು ಅನ್ನುವುದನ್ನೂ ಒಂದು ಸಲ ಯೋಚಿಸಿ. ಮೂರು ನಾಲ್ಕು ವರ್ಷದ, ಮಕ್ಕಳ ಜೊತೆ ಇದ್ದು ಅಭ್ಯಾಸವಿರುವ, ಹಗಲು ನಾಲ್ಕೈದು ಗಂಟೆ ಸುಮ್ನೆ ಮಲಗುವ ನಾಯಿ ನಿಮ್ಮ ದಿನಚರಿಗೆ ಮರಿಗಿಂತ ಚೆನ್ನಾಗಿ ಹೊಂದುತ್ತದೆ. ಗೊತ್ತಾಗುತ್ತಿಲ್ಲ ಎಂದರೆ ಕೆಲವು ವಾರ ಫಾಸ್ಟರ್ ಮಾಡಿ ನೋಡಿ, ಅವರಿಗೂ ನಿಮ್ಮ ಪರಿಚಯವಾಗುತ್ತದೆ.

ಬ್ರೀಡರ್ ಕಡೆಯಿಂದಲೇ ಆಗಬೇಕು ಅಂತಿದ್ದರೆ ಮರಿ ಹುಟ್ಟುವ ಮೊದಲೇ ಬರೆಯಿರಿ. ವಾರ ಕಳೆದರೂ ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ. ಮಾತು ಮುಂದುವರಿದು ಒಪ್ಪಂದದ ಕಾಗದ ಕೈಗೆ ಬಂದಾಗ ಒಂದು ಷರತ್ತು ಹುಡುಕಿ: ಯಾವ ವಯಸ್ಸಿನಲ್ಲೇ ಆಗಲಿ, ಸಾಕಲು ಆಗದಿದ್ದರೆ ನಾಯಿಯನ್ನು ಬೇರೆಯವರಿಗೆ ಕೊಡದೆ ತಮಗೇ ವಾಪಸ್ ಕೊಡಬೇಕು ಎಂದು ಬರೆದಿರುತ್ತಾರೆ. ಕೆಲವರಿಗೆ ಅದು ಅವಮಾನ ಅನ್ನಿಸುತ್ತದೆ. ನಿಮಗೆ ಹಾಗನ್ನಿಸಬೇಕಿಲ್ಲ. ಎಂಟು ವರ್ಷದ ನಂತರವೂ ಆ ನಾಯಿಯ ಹೊಣೆ ಹೊರಲು ತಯಾರಿರುವವರು ಕೊಡುವಾಗ ನಾಲ್ಕು ಪ್ರಶ್ನೆ ಜಾಸ್ತಿಯೇ ಕೇಳುತ್ತಾರೆ, ನಿಮಗೆ ಅವರಿಂದಲೇ ಬೇಕು.